727 ಎಚ್‌ಪಿ ಎಂ5 ಯಾಸ್ ಟ್ರ್ಯಾಕಿನಲ್ಲಿ 510 ಎಚ್‌ಪಿ ಜೂಲಿಯಾಕ್ಕೆ ಸೋಲುತ್ತದಾ? ಗೊತ್ತಿದ್ದವರು ಹೇಳಿ

ಕುಂಬಳೆ_ಸೀಮೆ
ಎಲ್ಲರಿಗೂ ನಮಸ್ಕಾರ. ನನ್ನ ಭಾವ ಅಬುಧಾಬಿಯಲ್ಲಿದ್ದಾರೆ. ವ್ಯಾಪಾರ ಚೆನ್ನಾಗಿ ಉಂಟು, ಕಾರಿನ ಹುಚ್ಚು ಅದಕ್ಕಿಂತ ಜಾಸ್ತಿ. ಅಲ್ಲಿ ಯಾಸ್ ಮರೀನಾ ಸರ್ಕ್ಯೂಟ್‌ನಲ್ಲಿ ಸಾಮಾನ್ಯ ಜನರೂ ದುಡ್ಡು ಕೊಟ್ಟು ಸ್ವಂತ ಕಾರು ಓಡಿಸಬಹುದು ಅಲ್ವಾ, ಅದಕ್ಕೆ ಒಂದು ಸೆಡಾನ್ ಬೇಕಂತೆ. ನಾಲ್ಕು ಬಾಗಿಲು ಇರಲೇಬೇಕು. ಅದೇ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಬೇಕು ಎನ್ನುವುದು ಅಕ್ಕನ ಕಂಡೀಶನ್.

ಪಟ್ಟಿಯಲ್ಲಿ ಮೂರು ಉಂಟು. ಹೊಸ ಬಿಎಂಡಬ್ಲ್ಯು ಎಂ5, ಹೈಬ್ರಿಡ್, 727 ಎಚ್‌ಪಿ. ಮರ್ಸಿಡಿಸ್ ಎಎಂಜಿ ಸಿ63, ಅದೂ ಹೈಬ್ರಿಡ್, 680. ಮತ್ತೆ ಸೆಕೆಂಡ್ ಹ್ಯಾಂಡ್ ಆಲ್ಫಾ ರೋಮಿಯೋ ಜೂಲಿಯಾ ಕ್ವಾಡ್ರಿಫೋಲಿಯೋ, 510. "727 ಇದ್ದ ಮೇಲೆ ಮಾತೇ ಇಲ್ಲ" ಅಂತ ಭಾವ. "ಟ್ರ್ಯಾಕಿನಲ್ಲಿ ಜೂಲಿಯಾ ಅದನ್ನು ಹಿಂದೆ ಹಾಕುತ್ತದೆ" ಅಂತ ನನ್ನ ಚಿಕ್ಕಪ್ಪನ ಮಗ. ಮೊನ್ನೆ ಉಪನಯನದ ಊಟದಲ್ಲಿ ಇದೇ ಜಗಳ, ಪಾಯಸ ಬಡಿಸುವವರು ಎಲೆ ಮುಂದೆ ಕಾದು ನಿಂತಿದ್ದರು.

ಯಾರು ಸರಿ?

ಪೆರ್ಲದ_ಪ್ರಯಾಣಿಕ
ರಜೆಗೆ ಬಂದಾಗ ನಮ್ಮ ಒಳರಸ್ತೆಯಲ್ಲಿ ಓಡಿಸಲಿ. ಮೂರೂ ಸೋಲುತ್ತವೆ, ಜೀಪು ಗೆಲ್ಲುತ್ತದೆ.

ವಿ10_ಭಕ್ತ
ಹೈಬ್ರಿಡ್ ಎಲ್ಲ ಬಿಡಿ ಮಾರಾಯ್ರೆ. ಎಂ5 ಅಂದರೆ ಹಳೆಯ ಇ60 ತಲೆಮಾರಿನದ್ದು. 5 ಲೀಟರ್ ವಿ10, 507 ಎಚ್‌ಪಿ, 8,250 ಆರ್‌ಪಿಎಂ ತನಕ ಕೂಗುತ್ತದೆ. ಈಗಿನದ್ದರಲ್ಲಿ ಸೌಂಡೇ ಸ್ಪೀಕರಿನಿಂದ ಬರುವುದು.

ಮಂಜೇಶ್ವರ_ಮೇಲ್
@ವಿ10_ಭಕ್ತ ಅವರು ಕೇಳಿದ್ದು ಯಾವುದು ಫಾಸ್ಟ್ ಅಂತ. ಯಾವುದರ ಸ್ವರ ಚಂದ ಅಂತ ಅಲ್ಲ.

ವಿ10_ಭಕ್ತ
ಸ್ವರ ಇಲ್ಲದ ಭಾಗವತಿಕೆ ಎಂತ ಕರ್ಮಕ್ಕೆ?

ಮುಸಾಫಾ_ಉಪ್ಪಳ
ನಾನು ಉಪ್ಪಳದವ. ಇಲ್ಲಿ ಅಬುಧಾಬಿಯ ಮುಸಾಫಾದಲ್ಲಿ ಗ್ಯಾರೇಜ್ ಕೆಲಸ. ಟ್ರ್ಯಾಕಿಗೆ ಹೋದ ಕಾರುಗಳು ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿರುತ್ತವೆ. ಹಾಗಾಗಿ ಸ್ವಲ್ಪ ಹೇಳಬಲ್ಲೆ.

ಇಂಜಿನ್ ಕೆಟ್ಟು ಬರುವುದು ಅಪರೂಪ. ಬರುವುದೆಲ್ಲ ಬ್ರೇಕ್ ಮತ್ತು ಟಯರ್. ಚಕ್ರ ಬಿಚ್ಚಿದರೆ ಪ್ಯಾಡಿನಲ್ಲಿ ಮೆಟೀರಿಯಲ್ ಇರುವುದಿಲ್ಲ, ಹಿಂದಿನ ತಗಡು ಮಾತ್ರ. ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಅದರಲ್ಲಿ ತೂತುಗಳಿದ್ದರೆ ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲಿನಷ್ಟು ಸಪೂರ ಬಿರುಕು ಓಡಿರುತ್ತದೆ, ಉಗುರಿಟ್ಟು ಎಳೆದರೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಟಯರಿನ ಹೊರ ಅಂಚು ತುರಿಮಣೆಗೆ ಕೊಟ್ಟ ಹಾಗೆ ಎದ್ದಿರುತ್ತದೆ. ಹೆಚ್ಚಿನವು ಭಾರದ ಕಾರುಗಳೇ. ಓನರು ಮಾತ್ರ "ಕಂಪನಿಯವರು ಪ್ಯಾಡ್ ಸರಿ ಕೊಟ್ಟಿಲ್ಲ" ಅಂತ ಬೈಯುತ್ತಿರುತ್ತಾನೆ.

ಯಾಸ್ ಟ್ರ್ಯಾಕ್ 5.281 ಕಿಮೀ. 2021ರಲ್ಲಿ ಕೆಲವು ತಿರುವು ಬದಲಾಯಿಸಿದರು, ಮೊದಲು 5.554 ಇತ್ತು. ಉದ್ದ ನೇರ ಇದೆ, ಅದರ ಕೊನೆಗೆ ಗಟ್ಟಿ ಬ್ರೇಕ್. ಅಂದರೆ ನೇರದಲ್ಲಿ ಎಂ5 ಓಡಿ ಹೋಗುತ್ತದೆ, ಸುಳ್ಳು ಹೇಳಬಾರದು. ಆದರೆ ಪ್ರತಿ ನೇರದ ಕೊನೆಗೂ ಅದನ್ನು ನಿಲ್ಲಿಸಬೇಕಲ್ಲ. ಮೊದಲ ಎರಡು ಸುತ್ತು ಎಂ5 ಮುಂದೆ ಇರಬಹುದು. ಇಪ್ಪತ್ತು ನಿಮಿಷದ ಸೆಷನ್ನಿನ ಕೊನೆಗೆ ಯಾರು ಮುಂದೆ ಅಂತ ಕೇಳಿದರೆ ನಾನು ಆಲ್ಫಾ ಮೇಲೆ ದುಡ್ಡು ಇಡುತ್ತೇನೆ.

ಕುಂಬಳೆ_ಸೀಮೆ
ಇಚ್ಚ, ಇದನ್ನೇ ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದೆ. "ಎಂ5ಗೆ ಕಾರ್ಬನ್ ಸೆರಾಮಿಕ್ ಬ್ರೇಕ್ ಹಾಕಿಸಿಕೊಳ್ಳಬಹುದು, ಆಗ ಎಂತ ಮಾಡುತ್ತೀರಿ?" ಅಂತ ಉತ್ತರ ಬಂತು.

ಮುಸಾಫಾ_ಉಪ್ಪಳ
ಹಾಕಿಸಲಿ. ಅದು ಬಿಸಿ ಚೆನ್ನಾಗಿ ತಡೆಯುತ್ತದೆ, ಕಬ್ಬಿಣದ ಡಿಸ್ಕಿಗಿಂತ ಹಗುರವೂ ಹೌದು. ಆದರೆ ಟ್ರ್ಯಾಕಿನಲ್ಲಿ ದಿನಾ ಬಳಸಿದರೆ ಅದೂ ಸವೆಯುತ್ತದೆ. ಒಂದು ಸೆಟ್ ಬದಲಾಯಿಸುವ ಬಿಲ್ ಬಂದಾಗ ಅಕ್ಕನಿಗೆ ತೋರಿಸಬೇಡಿ. ಇಲ್ಲಿ ತುಂಬ ಜನ ಟ್ರ್ಯಾಕಿಗೆ ಅಂತಲೇ ಸೆರಾಮಿಕ್ ಬಿಚ್ಚಿಟ್ಟು ಕಬ್ಬಿಣದ್ದು ಹಾಕಿಸುತ್ತಾರೆ.

ಫಿಸಿಕ್ಸ್_ಟೀಚರ್_ಕಾಸರಗೋಡು
ಲೆಕ್ಕ ಹಾಕದೆ ಎಲ್ಲರೂ ವಾದ ಮಾಡುತ್ತಿದ್ದೀರಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುವ ಸೂತ್ರ ಸಾಕು.

ಹೊಸ ಎಂ5 (ಜಿ90) ತೂಕ 2,435 ಕಿಲೋ. ಹಿಂದಿನ ಎಂ5 ಸಿಎಸ್ 1,825. ಅಂದರೆ ಒಂದು ತಲೆಮಾರಿನಲ್ಲಿ 610 ಕಿಲೋ ಏರಿದೆ. ಸಿಎಸ್ ವಿಶೇಷವಾಗಿ ಹಗುರ ಮಾಡಿದ ಕಾರು, ಅದನ್ನು ಬಿಡಿ ಅಂದರೂ ಮಾಮೂಲಿ ಕಾಂಪಿಟಿಷನ್ ಮಾಡೆಲ್ ಅದಕ್ಕಿಂತ 70 ಕಿಲೋದಷ್ಟು ಮಾತ್ರ ಜಾಸ್ತಿ. ಹೇಗೆ ಲೆಕ್ಕ ಹಾಕಿದರೂ ಡಿಕ್ಕಿಯಲ್ಲಿ ಐದು ಕ್ವಿಂಟಲ್ ಅಡಿಕೆ ಹೇರಿಕೊಂಡು ರೇಸಿಗೆ ಹೊರಟ ಹಾಗೆ.

ಈಗ ಬ್ರೇಕ್. ಡ್ರೈವರ್ ಸೇರಿ ಎಂ5 2,500 ಕಿಲೋ, ಜೂಲಿಯಾ 1,750 ಅಂತ ಇಟ್ಟುಕೊಳ್ಳಿ. 200 ಕಿಮೀ ವೇಗದಲ್ಲಿ ಎಂ5ನಲ್ಲಿರುವ ಚಲನಶಕ್ತಿ ಸುಮಾರು 3.9 ಮೆಗಾಜೂಲ್, ಜೂಲಿಯಾದಲ್ಲಿ 2.7. ನಿಲ್ಲಿಸುವಾಗ ಇಷ್ಟೂ ಶಾಖವಾಗಿ ಎಲ್ಲಾದರೂ ಹೋಗಬೇಕು. ಪ್ರತಿ ಬ್ರೇಕಿಗೂ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಶಾಖ. ಡಿಸ್ಕ್ ದೊಡ್ಡದು ಮಾಡಬಹುದು, ಆದರೆ ಡಿಸ್ಕ್ ದೊಡ್ಡದಾದರೆ ಅದರ ತೂಕವೂ ಏರುತ್ತದೆ.

ಟನ್ನಿಗೆ ಎಷ್ಟು ಎಚ್‌ಪಿ ನೋಡಿ. ಎಂ5: 299. ಜೂಲಿಯಾವನ್ನು ಉದಾರವಾಗಿ 1,700 ಕಿಲೋ ಅಂತ ಹಿಡಿದರೂ 300. ನಿಜವಾಗಿ ಅದು ಇನ್ನೂ ಹಗುರ. ಸಿ63: 2,111 ಕಿಲೋ, 322. ಹಳೆಯ ಎಂ5 ಸಿಎಸ್: 635 ಎಚ್‌ಪಿಗೆ 348. ಎಲ್ಲಿ ಹೋಯಿತು ನಿಮ್ಮ 727?

ಮಂಜೇಶ್ವರ_ಮೇಲ್
ಟೀಚರೇ, ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ನಾನು ಪಾಸಾಗುತ್ತಿದ್ದೆ.

ಅಡಿಕೆ_ನೀರ್ಚಾಲು
ಐದು ಕ್ವಿಂಟಲ್ ಅಡಿಕೆ ಡಿಕ್ಕಿಯಲ್ಲಿ ಇದ್ದರೆ ರೇಸಿಗೆ ಯಾಕೆ ಹೋಗಬೇಕು? ಸೀದಾ ಮಂಡಿಗೆ ಹೋಗಬಹುದಲ್ಲ.

ಬಿಮ್ಮರ್_ಬಾಬು
@ಟೀಚರ್ ನಿಮ್ಮ ಲೆಕ್ಕ ಸರಿ, ಆದರೆ ಅರ್ಧ ಮಾತ್ರ. ಎಂ5ಗೆ ನಾಲ್ಕು ಚಕ್ರಕ್ಕೂ ಪವರ್ ಹೋಗುತ್ತದೆ. ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಬೇಗ ಒತ್ತಬಹುದು. ಜೂಲಿಯಾಕ್ಕೆ ಹಿಂದಿನ ಎರಡೇ ಚಕ್ರ. ಹೊಸಬ ಓಡಿಸಿದರೆ ಬಾಲ ಅಲ್ಲಾಡಿಸಿಕೊಂಡು ಹೋಗುತ್ತದೆ. ಹಿಂದಿನ ಚಕ್ರ ತಿರುಗುವ ಸ್ಟಿಯರಿಂಗ್ ಕೂಡ ಎಂ5ನಲ್ಲಿ ಉಂಟು. ಮೇಲಾಗಿ ಬ್ರೇಕ್ ಒತ್ತಿದಾಗ ಒಂದಿಷ್ಟು ಶಕ್ತಿ ಮೋಟಾರ್ ಮೂಲಕ ಬ್ಯಾಟರಿಗೆ ಹೋಗುತ್ತದೆ, ಎಲ್ಲವೂ ಡಿಸ್ಕಿಗೆ ಬೀಳುವುದಿಲ್ಲ. ಕಾಗದದ ಮೇಲೆ ಕಾರು ಓಡಿಸಬೇಡಿ.

ಫಿಸಿಕ್ಸ್_ಟೀಚರ್_ಕಾಸರಗೋಡು
ಮೋಟಾರ್ ಎಷ್ಟು ದೊಡ್ಡದು? 197 ಎಚ್‌ಪಿ, ಅಂದರೆ 145 ಕಿಲೋವಾಟ್. 200ರಿಂದ 80ಕ್ಕೆ ನಾಲ್ಕು ಸೆಕೆಂಡಿನಲ್ಲಿ ಇಳಿಸಿದರೆ ಅಷ್ಟರಲ್ಲಿ ಅದು ಹೀರಿಕೊಳ್ಳಬಲ್ಲದ್ದು ಹೆಚ್ಚೆಂದರೆ 0.6 ಮೆಗಾಜೂಲ್. ಉಳಿದ 2.6 ಮೆಗಾಜೂಲ್ ಡಿಸ್ಕಿಗೇ. ಅದೇ ಬ್ರೇಕಿಗೆ ಜೂಲಿಯಾದ ಡಿಸ್ಕಿಗೆ 2.3. ನೋಡಿ, ವ್ಯತ್ಯಾಸ ಕಡಿಮೆಯಾಯಿತು, ಅದನ್ನು ಒಪ್ಪುತ್ತೇನೆ. ಆದರೆ ಅದು ಬ್ಯಾಟರಿಯಲ್ಲಿ ಜಾಗ ಇದ್ದಾಗ, ಅದು ಬಿಸಿಯಾಗದೆ ಇದ್ದಾಗ. ಟಯರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮೂಲೆಯಲ್ಲಿ ಎರಡೂವರೆ ಟನ್ನನ್ನು ಅದೇ ಹಿಡಿಯಬೇಕು.

ಬಿಮ್ಮರ್_ಬಾಬು
ಅಷ್ಟಾದರೂ ಒಪ್ಪಿದಿರಲ್ಲ, ಸಂತೋಷ.

ಹೊಸೂರು_ಹೈವೇ
ಗುರು, ಎಲ್ಲರೂ ಓದಿದ್ದನ್ನು ಹೇಳುತ್ತಿದ್ದೀರಿ. ನಾನು ನೋಡಿದ್ದನ್ನು ಹೇಳುತ್ತೇನೆ. ನಮಗೆ ಹೊಸೂರಿನಿಂದ ಕೃಷ್ಣಗಿರಿ, ಆಂಬೂರು, ವೆಲ್ಲೂರು ದಾಟಿದರೆ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ಶ್ರೀಪೆರುಂಬುದೂರಿನ ಹತ್ತಿರ, 3.717 ಕಿಮೀ. ಚೆನ್ನೈ ಬಿಸಿಲು ಅಂದರೆ ಗೊತ್ತಲ್ಲ.

ಒಂದು ಸಲ ಗೆಳೆಯನ ಜರ್ಮನ್ ಸೆಡಾನ್‌ನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಯಾವ ಕಂಪನಿ ಅಂತ ಹೇಳಲ್ಲ, ಇಲ್ಲಿ ಭಕ್ತರು ಜಾಸ್ತಿ. ಮೊದಲ ಸುತ್ತು ಸ್ವರ್ಗ. ಎರಡನೆಯದರಲ್ಲಿ ಬೆಂದ ರಬ್ಬರ್ ಮತ್ತು ಗಂಧಕ ಸೇರಿದಂಥ ಒಂದು ವಾಸನೆ ಎಸಿ ಒಳಗಿನಿಂದಲೇ ಬಂತು. ಆಮೇಲೆ ಅವನು ಬ್ರೇಕ್ ಒತ್ತಿದಾಗ ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಯಿತು. ಎರಡನೇ ಸಲ ತುಳಿದ ಮೇಲೆ ಹಿಡಿಯಿತು. ಅವನ ಮುಖ ನೋಡಬೇಕಿತ್ತು. ಪಿಟ್‌ಗೆ ಬಂದು ನಿಂತರೆ ಮುಂದಿನ ಎರಡೂ ಚಕ್ರದಿಂದ ಹೊಗೆ. ಅವನು ಅಭ್ಯಾಸಬಲದಿಂದ ಪಾರ್ಕಿಂಗ್ ಬ್ರೇಕ್ ಬಟನ್ ಎಳೆಯಲು ಹೋದ, ಪಕ್ಕದ ಪಿಟ್‌ನ ಹಿರಿಯರೊಬ್ಬರು "ವೇಣ್ಡಾಂ ವೇಣ್ಡಾಂ" ಅಂತ ಓಡಿ ಬಂದರು. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿ ಇಟ್ಟರೆ ಅಲ್ಲೇ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು.

ಅದೇ ದಿನ ಯಾರೋ ಒಬ್ಬರು ಹಳೆಯ ವೆಂಟೋ ತಂದಿದ್ದರು. ಒಳಗೆ ಸೀಟು ಗೀಟು ಎಲ್ಲ ಕಿತ್ತು ಹಗುರ ಮಾಡಿದ್ದು. ದಿನವಿಡೀ ಓಡುತ್ತಲೇ ಇತ್ತು.

ಮುಸಾಫಾ_ಉಪ್ಪಳ
ಪೆಡಲ್ ಕೆಳಗೆ ಹೋದದ್ದು ಬ್ರೇಕ್ ಆಯಿಲ್ ಕುದಿದದ್ದು. ಆಯಿಲ್ ಅಂತ ಬಾಯಿಯಲ್ಲಿ ಹೇಳುತ್ತೇವೆ, ಅದು ಎಣ್ಣೆ ಅಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಫ್ಲುಯಿಡ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ. ನೀರು ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕಾಸರಗೋಡಿನ ಮಳೆಗಾಲ ಕಂಡ ಕಾರಾದರೆ ಟ್ರ್ಯಾಕಿಗೆ ಹೋಗುವ ಮೊದಲು ಫ್ಲುಯಿಡ್ ಬದಲಾಯಿಸಲೇಬೇಕು.

ಸೊಲ್ಲಾಪುರ_ಸವಾರ
ನಮಸ್ಕಾರ್ರೀ. ಸೊಲ್ಲಾಪುರದಾಗ 44 ಡಿಗ್ರಿ ಬಿಸಿಲು ಕಂಡವರು ನಾವು. ಗಾಡಿ ಬಿಸಿ ಆಗೋದು ಅಂದ್ರ ಏನು ಅಂತ ನಮಗ ಕೇಳ್ರಿ. ಬ್ರೇಕ್ ಒಂದೇ ಅಲ್ಲ. ಟರ್ಬೋ ಇಂಜಿನ್ ಒಳಗ ಹೋಗೋ ಗಾಳಿ ಕಾದರೆ ಕಂಪ್ಯೂಟರ್ ತಾನೇ ಪವರ್ ಇಳಿಸುತ್ತದೆ. ಕಾಗದದ ಮೇಲೆ 727, ಬಿಸಿಲಿನಲ್ಲಿ ಎಷ್ಟು ಅಂತ ಯಾರಿಗೆ ಗೊತ್ತು? ಭಾವ ಅವರು ರಾತ್ರಿ ಹೋಗುತ್ತಾರಂದರೆ ಪುಣ್ಯ.

ಮುಸಾಫಾ_ಉಪ್ಪಳ
ಇಲ್ಲಿ ಬೇಸಗೆಯಲ್ಲಿ ರಾತ್ರಿಯೂ 35 ಡಿಗ್ರಿ ಇರುತ್ತದೆ. ಪುಣ್ಯ ಚಳಿಗಾಲದಲ್ಲಿ ಮಾತ್ರ.

ಕರೆಂಟ್_ಕಾರು
ಪೆಟ್ರೋಲಿನವರು ಎಷ್ಟು ಹೊತ್ತು ಜಗಳ ಆಡುತ್ತೀರಿ? ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ ಒಂದು ಸುತ್ತಿನ ಟೈಮ್ ನೋಡಿ. ಜೂಲಿಯಾ 2016ರಲ್ಲಿ 7 ನಿಮಿಷ 32 ಸೆಕೆಂಡ್. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ 2023ರಲ್ಲಿ 7:25.231. ಪೋರ್ಷೆ ಟೈಕಾನ್ ಟರ್ಬೋ ಜಿಟಿ 7:07.55. ಶಿಯೋಮಿ ಎಸ್‌ಯು7 ಅಲ್ಟ್ರಾ 2025ರಲ್ಲಿ 7:04.957. ಹೌದು, ಮೊಬೈಲ್ ಮಾಡುವ ಅದೇ ಶಿಯೋಮಿ. ಕತೆ ಮುಗಿಯಿತು.

ವಿ10_ಭಕ್ತ
ಆ ಕಾರು ಮಾರ್ಗದಲ್ಲಿ ಹ್ಯಾಂಗ್ ಆದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕಾ?

ಫಿಸಿಕ್ಸ್_ಟೀಚರ್_ಕಾಸರಗೋಡು
@ಕರೆಂಟ್_ಕಾರು ಒಂದು ನಿಮಿಷ. ನ್ಯೂರ್ಬರ್ಗ್‌ರಿಂಗ್ ಟೈಮಿನಲ್ಲಿ ಎರಡು ಅಳತೆ ಉಂಟು. 2019ಕ್ಕೆ ಮೊದಲು ಕಂಪನಿಗಳು ಸಾಮಾನ್ಯವಾಗಿ 20.6 ಕಿಮೀಗೆ ಟೈಮ್ ಹೇಳುತ್ತಿದ್ದರು. ಸ್ಟಾರ್ಟಿನ ಹತ್ತಿರದ ಒಂದು ನೇರ ತುಂಡು ಅದರಲ್ಲಿ ಸೇರುತ್ತಿರಲಿಲ್ಲ. ಈಗ ಅಧಿಕೃತ ಅಳತೆ 20.832 ಕಿಮೀ. ಈ 232 ಮೀಟರಿಗೆ ಎಷ್ಟು ಸಮಯ? ಮರ್ಸಿಡಿಸ್ ಎಎಂಜಿ ಜಿಟಿ 63 ಎಸ್ ನಾಲ್ಕು ಬಾಗಿಲಿನದು 2020ರಲ್ಲಿ ಓಡಿದಾಗ ಎರಡನ್ನೂ ಹೇಳಿದರು: 20.6ಕ್ಕೆ 7:23.009, ಪೂರ್ತಿಗೆ 7:27.800. ಹತ್ತಿರಹತ್ತಿರ ಐದು ಸೆಕೆಂಡ್. ಯಾವ ಅಳತೆ ಅಂತ ನೋಡದೆ ಪಟ್ಟಿ ಮಾಡಿದರೆ ಸೋತವನನ್ನು ಗೆದ್ದವ ಅಂದುಬಿಡುತ್ತೇವೆ.

ಮತ್ತೊಂದು. ಅದು ಒಂದೇ ಸುತ್ತಿನ ದಾಖಲೆ. ಆ ಟ್ರ್ಯಾಕ್ ಚೆನ್ನಾಗಿ ಗೊತ್ತಿರುವ ಡ್ರೈವರ್, ಹೊಸ ಟಯರ್, ತಂಪು ಹೊತ್ತು. ಭಾವನ ಶನಿವಾರ ರಾತ್ರಿಗೂ ಅದಕ್ಕೂ ಸಂಬಂಧ ಇಲ್ಲ.

ಕರೆಂಟ್_ಕಾರು
ಅಳತೆ ಕಳೆದರೂ ಶಿಯೋಮಿ ಮುಂದೆ. 1,548 ಎಚ್‌ಪಿ. ಅದನ್ನು ಅಲ್ಲಗಳೆಯಲು ಆಗುತ್ತದಾ?

ಹೊಸೂರು_ಹೈವೇ
ಇಲ್ಲ ಗುರು, ಒಪ್ಪಿದೆ. ಆದರೆ ಸತತ ನಾಲ್ಕು ಸುತ್ತು ಜೋರಾಗಿ ಹೋದ ಮೇಲೆ ಬ್ಯಾಟರಿ ಮೀಟರ್ ಫೋಟೋ ಹಾಕು. ಪೆಟ್ರೋಲ್ ಕಾರಾದರೆ ಐದು ನಿಮಿಷದಲ್ಲಿ ತುಂಬಿಸಿ ಮತ್ತೆ ಟ್ರ್ಯಾಕಿಗೆ. ನೀನು ಕರೆಂಟ್ ಕುಡಿಸುತ್ತಾ ಚಹಾ ಕುಡಿಯುತ್ತಾ ಕೂರಬೇಕು.

ಪೆರ್ಲದ_ಪ್ರಯಾಣಿಕ
ಮತ್ತೆ ನಮ್ಮಲ್ಲಿ ಮಳೆ ಬಂದ ಕೂಡಲೇ ಕರೆಂಟ್ ಹೋಗುತ್ತದೆ. ಶಿಯೋಮಿ ಶೆಡ್ಡಿನಲ್ಲಿ, ಓನರು ಬಸ್ಸಿನಲ್ಲಿ.

ಮಂಜೇಶ್ವರ_ಮೇಲ್
ಎಲ್ಲರೂ ಜರ್ಮನಿ ಇಟಲಿ ಚೀನಾ ಅಂತೀರಿ. ಜಾಗ್ವಾರ್ ಎಕ್ಸ್‌ಇ ಎಸ್‌ವಿ ಪ್ರಾಜೆಕ್ಟ್ 8 ಯಾರಿಗೂ ನೆನಪಿಲ್ಲ. 5 ಲೀಟರ್ ಸೂಪರ್‌ಚಾರ್ಜ್ಡ್ ವಿ8, 600 ಎಚ್‌ಪಿ. 2017ರಲ್ಲೇ ಅದೇ ರಿಂಗ್‌ನಲ್ಲಿ 7:21, 2019ರಲ್ಲಿ 7:18.361. ಟೀಚರ್ ಕೇಳುವ ಮೊದಲೇ ಹೇಳುತ್ತೇನೆ, ಅದು 20.6 ಕಿಮೀಗೆ. ಪೂರ್ತಿ ಅಳತೆಗೆ 7:23.164. ಆಮೇಲೆ ಬಂದ ಆ ಎಎಂಜಿಗಿಂತಲೂ ಬೇಗ. 2008ರಿಂದ ಜಾಗ್ವಾರ್ ಯಾರದ್ದು? ನಮ್ಮ ಟಾಟಾದ್ದು!

ಬಿಮ್ಮರ್_ಬಾಬು
ಟ್ರ್ಯಾಕ್ ಪ್ಯಾಕ್ ತೆಗೆದುಕೊಂಡರೆ ಅದರಲ್ಲಿ ಹಿಂದಿನ ಸೀಟೇ ಇಲ್ಲ. ಮಕ್ಕಳನ್ನು ಶಾಲೆಗೆ ಡಿಕ್ಕಿಯಲ್ಲಿ ಕಳಿಸಬೇಕಾ? ಮಾಡಲು ಹೊರಟದ್ದೇ 300 ಕಾರು. ಸಿಕ್ಕರೆ ಹೇಳಿ.

ಮಂಜೇಶ್ವರ_ಮೇಲ್
ನಾಲ್ಕು ಸೀಟಿನದ್ದೂ ಇತ್ತು. ಅಭಿಮಾನಕ್ಕೆ ಹೇಳಿದ್ದು, ತೆಗೆದುಕೊಳ್ಳಿ ಅಂತ ಅಲ್ಲ.

ಕುಂಬಳೆ_ಸೀಮೆ
ಸಿ63 ಬಗ್ಗೆ ಯಾರೂ ಮಾತಾಡಲಿಲ್ಲ?

ವಿ10_ಭಕ್ತ
ಏನು ಮಾತಾಡುವುದು? ಮೊದಲು 6.2 ಲೀಟರ್ ವಿ8 ಇತ್ತು. ಆಮೇಲೆ 4 ಲೀಟರ್ ಟ್ವಿನ್ ಟರ್ಬೋ ವಿ8. ಈಗ 2 ಲೀಟರ್, ನಾಲ್ಕು ಸಿಲಿಂಡರ್. ನಮ್ಮ ಮನೆಯ ಜೀಪಿನಲ್ಲೂ ನಾಲ್ಕು ಸಿಲಿಂಡರ್ ಉಂಟು.

ಮುಸಾಫಾ_ಉಪ್ಪಳ
ಹಾಗೆ ಹಗುರವಾಗಿ ಹೇಳಬೇಡಿ. ಆ 2 ಲೀಟರ್ ಇಂಜಿನ್ ಒಂದೇ 476 ಎಚ್‌ಪಿ ಕೊಡುತ್ತದೆ, ಟರ್ಬೋ ತಿರುಗಿಸಲು ಕರೆಂಟ್ ಮೋಟಾರ್ ಬೇರೆ. ಬುದ್ಧಿವಂತ ಕೆಲಸ. ಹಿಂದಿನ ಚಕ್ರಕ್ಕೆ ಇನ್ನೊಂದು ಮೋಟಾರ್. ಬ್ಯಾಟರಿ 6.1 ಕಿಲೋವಾಟ್ ಅವರ್, ಅಷ್ಟೇ. ಚಿಕ್ಕ ಬ್ಯಾಟರಿ ಬೇಗ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಪ್ರತಿ ಬ್ರೇಕಿಗೆ ತುಂಬಿಸಿ ಮುಂದಿನ ನೇರದಲ್ಲಿ ಖರ್ಚು ಮಾಡುವ ಲೆಕ್ಕಾಚಾರ. ಬ್ಯಾಟರಿಗೆ ತಂಪು ಮಾಡುವ ದ್ರವದ ವ್ಯವಸ್ಥೆ ಚೆನ್ನಾಗಿದೆ. ಟ್ರ್ಯಾಕಿಗೆ ಅಂತ ಯೋಚಿಸಿ ಮಾಡಿದ್ದಾರೆ ಅನ್ನಿಸುತ್ತದೆ. ಎಂ5 ಬ್ಯಾಟರಿ ಅದಕ್ಕಿಂತ ಮೂರು ಪಾಲು ದೊಡ್ಡದು, 18.6. ಅದು ಶಾಲೆಗೆ ಪೆಟ್ರೋಲ್ ಇಲ್ಲದೆ ಹೋಗಿ ಬರಲು. ಅಕ್ಕನಿಗೆ ಲಾಭ, ಭಾವನಿಗೆ ಭಾರ.

ಫಿಸಿಕ್ಸ್_ಟೀಚರ್_ಕಾಸರಗೋಡು
ಒಳ್ಳೆಯ ಮಾತು. ಅಧಿಕೃತ ಲೆಕ್ಕದಲ್ಲೇ ನೋಡಿ, ಹಿಂದಿನ ಎಂ5 ಕಾಂಪಿಟಿಷನ್ 625 ಎಚ್‌ಪಿಯಲ್ಲಿ 0-100ಕ್ಕೆ 3.3 ಸೆಕೆಂಡ್. ಹೊಸದು 727ರಲ್ಲಿ 3.5. ನೂರು ಎಚ್‌ಪಿ ಜಾಸ್ತಿ ಕೊಟ್ಟು ಹಿಂದೆ ಬಿದ್ದಿದೆ.

ಬಿಮ್ಮರ್_ಬಾಬು
ಹಾಗಾದರೆ ಹಿಂದಿನ ಎಂ5 ಸಿಎಸ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲಿ. ಹಗುರ, ನಾಲ್ಕು ಚಕ್ರಕ್ಕೂ ಪವರ್, ಬೇಕಾದರೆ ಹಿಂದಿನ ಎರಡಕ್ಕೆ ಮಾತ್ರ ಕೊಡುವ ಮೋಡ್. ಸೆರಾಮಿಕ್ ಬ್ರೇಕ್ ಕೂಡ ಬಂದೇ ಬರುತ್ತದೆ. ಹಿಂದೆ ಎರಡೇ ಬಕೆಟ್ ಸೀಟು, ಇಬ್ಬರು ಮಕ್ಕಳಾದರೆ ಸರಿಹೋಯಿತು.

ಕುಂಬಳೆ_ಸೀಮೆ
ಮೂವರು.

ಬಿಮ್ಮರ್_ಬಾಬು
ಅಯ್ಯೋ.

ದುಬೈ_ಬೇಕಲ
ನಾನೊಂದು ಹೆಸರು ಸೇರಿಸುತ್ತೇನೆ. ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್. ಊರಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ, ಗಲ್ಫಿನಲ್ಲಿ ಸಿಗುತ್ತದೆ. 6.2 ಲೀಟರ್ ಸೂಪರ್‌ಚಾರ್ಜ್ಡ್ ವಿ8, 668 ಎಚ್‌ಪಿ, ತೂಕ 1,870 ಕಿಲೋದಷ್ಟು. ಟೀಚರ್ ಲೆಕ್ಕದಲ್ಲಿ ಟನ್ನಿಗೆ 357. ಮೇಲಿನ ಎಲ್ಲಕ್ಕಿಂತ ಜಾಸ್ತಿ! ಆರು ಗೇರಿನ ಮ್ಯಾನುಯಲ್ ಕೂಡ ಉಂಟು. ಹಿಂದೆ ಮೂವರು ಕೂರಬಹುದು.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ದುಬೈ ಆಟೋಡ್ರೋಮಿಗೆ ಕೊಂಡುಹೋಗುತ್ತಾರೆ. 5.39 ಕಿಮೀ ಟ್ರ್ಯಾಕ್, ಯಾಸ್ ಹಾಗೆ ಚಪ್ಪಟೆ ಅಲ್ಲ, ಏರಿಳಿತ ಉಂಟು. ಅಲ್ಲಿ ದೊಡ್ಡ ಜರ್ಮನ್ ಕಾರಿನವರು ಮೊದಲ ಸೆಷನ್ ಮುಗಿಸಿ ಕಾಫಿ ಕುಡಿಯುತ್ತಾ ಕಾರು ತಣಿಯಲು ಕಾಯುತ್ತಿದ್ದರೆ ಇವರು ಇನ್ನೊಂದು ಸೆಷನ್ನಿಗೆ ಸಾಲಿನಲ್ಲಿ ನಿಂತಿರುತ್ತಾರೆ. ಪೆಟ್ರೋಲ್ ಮಾತ್ರ ಆನೆ ನೀರು ಕುಡಿದ ಹಾಗೆ.

ವಿ10_ಭಕ್ತ
ವಿ8, ಮ್ಯಾನುಯಲ್ ಗೇರ್, ಮೂರು ಪೆಡಲ್. ಕಣ್ಣೀರು ಬಂತು. ಎರಡು ಸಿಲಿಂಡರ್ ಕಡಿಮೆಯಾದರೂ ಅಡ್ಡಿ ಇಲ್ಲ.

ಸೊಲ್ಲಾಪುರ_ಸವಾರ
ಇಷ್ಟೆಲ್ಲ ಮಾತಾಡಿದಿರಿ, ಓಡಿಸುವವನ ಬಗ್ಗೆ ಯಾರೂ ಮಾತಾಡಲಿಲ್ಲಲ್ರೀ. 1984ರ ಮೇ 12. ನ್ಯೂರ್ಬರ್ಗ್‌ರಿಂಗ್‌ನ ಹೊಸ ಗ್ರ್ಯಾನ್ ಪ್ರಿ ಟ್ರ್ಯಾಕ್ ಉದ್ಘಾಟನೆ. ಮರ್ಸಿಡಿಸ್‌ನವರು ತಮ್ಮ 190 ಇ 2.3-16 ಸೆಡಾನ್‌ಗಳನ್ನು ಸಾಲಾಗಿ ನಿಲ್ಲಿಸಿ ದೊಡ್ಡ ದೊಡ್ಡ ರೇಸರುಗಳ ಕೈಗೆ ಕೊಟ್ಟರು. ಎಲ್ಲರಿಗೂ ಒಂದೇ ಕಾರು. ಗೆದ್ದವನು ಯಾರು? ಆಯರ್ಟನ್ ಸೆನ್ನಾ. ಆಗ ಅವನು ಫಾರ್ಮುಲಾ ಒನ್‌ಗೆ ಬಂದ ಮೊದಲ ವರ್ಷ. ಎರಡನೆಯವನು ನಿಕಿ ಲಾಡಾ, ಆ ವರ್ಷದ ಚಾಂಪಿಯನ್ ಆದವನು. ಭಾವ ಅವರಿಗೆ ಮೊದಲು ಒಳ್ಳೆಯ ಟ್ರೇನಿಂಗ್ ಕೊಡಿಸ್ರಿ. ಹತ್ತು ಸೆಕೆಂಡ್ ಅಲ್ಲೇ ಸಿಗುತ್ತದೆ.

ಹೊಸೂರು_ಹೈವೇ
ಸೊಲ್ಲಾಪುರದವರಿಗೆ ನೂರು ಲೈಕ್. ನಮ್ಮ ಟ್ರ್ಯಾಕಿನಲ್ಲೂ ಅದೇ. ಹೊಸಬರು ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ತುತ್ತಾರೆ. ನೇರದಲ್ಲೇ ಒತ್ತಿ, ಬಿಡುತ್ತಾ ತಿರುಗಿಸಬೇಕು. ಇದು ಗೊತ್ತಾಗದವನಿಗೆ 727 ಕೊಟ್ಟರೂ ಅಷ್ಟೇ, 72 ಕೊಟ್ಟರೂ ಅಷ್ಟೇ.

ಅಡಿಕೆ_ನೀರ್ಚಾಲು
ನಮ್ಮ ಆರು ಲೇನ್ ಹೈವೇಯಲ್ಲಿ ತಲಪಾಡಿಯಿಂದ ಚೆರ್ಕಳದವರೆಗೆ ನೋಡಿದರೆ ಎಲ್ಲರೂ ಸೆನ್ನಾ. ಯಾಸ್‌ಗೆ ಯಾಕೆ ಹೋಗಬೇಕು?

ಫಿಸಿಕ್ಸ್_ಟೀಚರ್_ಕಾಸರಗೋಡು
ದಯವಿಟ್ಟು ಹಾಗೆ ತಮಾಷೆಗೂ ಹೇಳಬೇಡಿ. ಕೇರಳದಲ್ಲಿ ಆರು ಲೇನ್ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ ಮಿತಿ 110. 2023ರ ಜೂನಿನಿಂದ ಎಐ ಕ್ಯಾಮೆರಾಗಳೂ ದಂಡ ಹಾಕುತ್ತಿವೆ. ನನ್ನ ಶಾಲೆಯ ಮಕ್ಕಳು ಅದೇ ರಸ್ತೆ ದಾಟಿ ಬರುತ್ತಾರೆ.

ಅಡಿಕೆ_ನೀರ್ಚಾಲು
ಸರಿ ಟೀಚರೇ. ಆ ಹುಡುಗರಿಗೆ ಬೈಯುವ ಅಂತಲೇ ಬರೆದದ್ದು.

ಪೆರ್ಲದ_ಪ್ರಯಾಣಿಕ
ಹೈವೇ ಮಾತು ಬಂತಲ್ಲ, ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬರುವ ಬೈಕಿನವರ ಬಗ್ಗೆ ಒಂದು ಬೇರೆ ಥ್ರೆಡ್ ಹಾಕಿ. ನನಗೆ ಹೇಳಲು ತುಂಬ ಉಂಟು.

ದುಬೈ_ಬೇಕಲ
ಇನ್ಶೂರೆನ್ಸ್ ಮರೆಯಬೇಡಿ. ನಮ್ಮ ದೇಶದ ಮೋಟಾರ್ ಪಾಲಿಸಿಯಲ್ಲಿ ರೇಸಿಂಗ್, ವೇಗದ ಪರೀಕ್ಷೆ ಇವನ್ನು ಬಿಟ್ಟಿರುತ್ತಾರೆ. ಗೋಡೆಗೆ ತಾಗಿದರೆ ನಯಾಪೈಸೆ ಬರುವುದಿಲ್ಲ. ಅಲ್ಲಿಯ ಪಾಲಿಸಿಯ ಸಣ್ಣ ಅಕ್ಷರವನ್ನೂ ಭಾವ ಓದಲಿ. ವಾರಂಟಿ ಪುಸ್ತಕವನ್ನೂ ಓದಲಿ.

ಕುಂಬಳೆ_ಸೀಮೆ
ಎಲ್ಲರ ಉತ್ತರ ಕಳಿಸಿದೆ. ಅಕ್ಕ ಎಲ್ಲವನ್ನೂ ಓದಿದ್ದಾಳೆ, ಭಾವ ಅರ್ಧ ಓದಿದ್ದಾರೆ. ಈಗ ಹೊಸ ಎಂ5 ಮಾತು ಬಿಟ್ಟಿದ್ದಾರೆ. ಜೂಲಿಯಾ ಅಥವಾ ಕ್ಯಾಡಿಲಾಕ್ ಅಂತ ಆಗಿದೆ. ಚಿಕ್ಕಪ್ಪನ ಮಗನ ಹಾರಾಟ ನೋಡಲಾಗುವುದಿಲ್ಲ. ಅದು ಬರುವ ತನಕ ಈಗಿರುವ ಹಳೆಯ ಸೆಡಾನ್‌ನಲ್ಲೇ ಟ್ರೇನಿಂಗಿಗೆ ಹೋಗುತ್ತಾರಂತೆ. ಅದಕ್ಕೆ ಎಂತೆಲ್ಲ ಮಾಡಿಸಬೇಕು ಇಚ್ಚ?

ಬಿಮ್ಮರ್_ಬಾಬು
ಜೂಲಿಯಾ ತೆಗೆದುಕೊಂಡರೆ ಮಳೆ ಬಂದ ದಿನ ಟ್ರ್ಯಾಕಿಗೆ ಹೋಗಬೇಡಿ ಅಂತ ಹೇಳಿ. ಆ ಟಯರಿಗೆ ನೀರು ಆಗುವುದಿಲ್ಲ.

ಸೊಲ್ಲಾಪುರ_ಸವಾರ
ಅಬುಧಾಬಿಯಲ್ಲಿ ಮಳೆ ಏನ್ರೀ ಬಾಬು!

ಮುಸಾಫಾ_ಉಪ್ಪಳ
@ಕುಂಬಳೆ_ಸೀಮೆ ಹೊಸ ಪ್ಯಾಡ್, ಹೊಸ ಬ್ರೇಕ್ ಫ್ಲುಯಿಡ್. ಇಂಜಿನ್ ಆಯಿಲ್ ಲೆವೆಲ್ ನೋಡಿಸಲಿ. ಡಿಕ್ಕಿಯಲ್ಲಿರುವುದನ್ನೆಲ್ಲ ಮನೆಯಲ್ಲೇ ಇಳಿಸಿ ಹೋಗಲಿ. ಒಮ್ಮೆ ಒಬ್ಬರ ಕಾರಿನಲ್ಲಿ ಸೀಟಿನ ಅಡಿಯಿಂದ ನೀರಿನ ಬಾಟಲಿ ಉರುಳಿ ಬಂದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡಿತ್ತು, ದೇವರ ದಯೆ. ಟಯರ್ ಗಾಳಿ ತಣ್ಣಗಿರುವಾಗ ಮಾಮೂಲಿಗಿಂತ ಸ್ವಲ್ಪ ಕಡಿಮೆ ಇಟ್ಟು, ಮೊದಲ ಸೆಷನ್ ಮುಗಿದು ಬಿಸಿ ಇರುವಾಗಲೇ ಗೇಜ್ ಹಿಡಿದು ನೋಡಬೇಕು. ಐದಾರು ಪಿಎಸ್‌ಐ ಆರಾಮಾಗಿ ಏರಿರುತ್ತದೆ. ಜಾಸ್ತಿ ಇದ್ದರೆ ಅಲ್ಲೇ ಬಿಡಬೇಕು, ಮನೆಗೆ ಹೊರಡುವಾಗ ಮತ್ತೆ ತುಂಬಿಸಬೇಕು. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನ ಬರಲಿ, ಎಲ್ಲ ತಣಿಯುತ್ತದೆ.

ಕುಂಬಳೆ_ಸೀಮೆ
ಫ್ಲುಯಿಡ್ ಯಾವುದು? ಅಂಗಡಿಯಲ್ಲಿ ಡಾಟ್ 5 ಒಳ್ಳೆಯದು ಅಂದರಂತೆ, ನಂಬರ್ ದೊಡ್ಡದಲ್ವಾ.

ಮುಸಾಫಾ_ಉಪ್ಪಳ
ಬೇಡ, ಬೇಡ! ಡಾಟ್ 5 ಸಿಲಿಕೋನ್‌ನದ್ದು, ಅವರ ಕಾರಿನಲ್ಲಿ ಇರುವುದರ ಜೊತೆ ಸೇರುವುದಿಲ್ಲ. ಡಾಟ್ 5.1 ಬೇರೆಯೇ, ಅದು ಡಾಟ್ 4ರ ಜಾತಿಯದ್ದು, ಹೊಸದು 260 ಡಿಗ್ರಿ ತಡೆಯುತ್ತದೆ. ಕಾರಿನ ಪುಸ್ತಕದಲ್ಲಿ ಒಪ್ಪಿಗೆ ಇದ್ದರೆ 5.1, ಇಲ್ಲದಿದ್ದರೆ ರೇಸಿಗೆ ಅಂತಲೇ ಬರುವ ಡಾಟ್ 4. ಸೀಲ್ ಒಡೆದ ಡಬ್ಬಿ ಯಾರು ಕೊಟ್ಟರೂ ತೆಗೆದುಕೊಳ್ಳಬಾರದು. ಶುಕ್ರವಾರ ಬಿಟ್ಟು ಯಾವತ್ತಾದರೂ ಗ್ಯಾರೇಜಿಗೆ ಬರಲಿ, ನಾನೇ ಹಾಕಿಕೊಡುತ್ತೇನೆ.